ಹಳೆ ಹೈಬ್ರಿಡ್ ಐಷಾರಾಮಿ ಎಸ್‌ಯುವಿ: ಬ್ಯಾಟರಿ ಗಟ್ಟಿ ಇದೆಯಾ ಅಂತ ನೋಡೋದು ಹೇಗೆ?

ನಿಧಾನ_ಸವಾರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ಎಸ್‌ಯುವಿ ಹುಡುಕಾಟದಲ್ಲಿ ಕೊನೆಗೆ ಮೂರು ಉಳಿದಿವೆ. ಹೊರಗಿನಿಂದ ಚಾರ್ಜ್ ಮಾಡುವ ಪ್ಲಗ್ ಇಲ್ಲದ ಲೆಕ್ಸಸ್ ಆರ್‌ಎಕ್ಸ್ 450ಎಚ್ (2016ರ ಮಾಡೆಲ್), ಪ್ಲಗ್ ಇರುವ ವೋಲ್ವೋ ಎಕ್ಸ್‌ಸಿ90 ಟಿ8 (18.8 ಕಿಲೋವ್ಯಾಟ್ ಅವರ್ ಬ್ಯಾಟರಿ ಪ್ಯಾಕ್ ಬಂದ ಮೇಲಿನದು), ಮತ್ತು 48 ವೋಲ್ಟ್ ಮೈಲ್ಡ್ ಹೈಬ್ರಿಡ್ (ಮೋಟರ್ ಎಂಜಿನ್ನಿಗೆ ನೆರವಷ್ಟೇ ಕೊಡುವಂಥದ್ದು) ಆಗಿರುವ ಮರ್ಸಿಡಿಸ್ ಜಿಎಲ್‌ಇ 450.

ಎಂಜಿನ್, ಗೇರ್‌ಬಾಕ್ಸ್, ಸಸ್ಪೆನ್ಷನ್ ನೋಡೋದು ಗೊತ್ತು. ಬ್ಯಾಟರಿ ವಿಷಯದಲ್ಲಿ ಮಾತ್ರ ತಲೆಬುಡ ಗೊತ್ತಾಗ್ತಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಕಾಣುವ ಕಡ್ಡಿಗಳನ್ನು ನಂಬಬಹುದಾ? ಕೊಳ್ಳುವ ಮುಂಚೆ ಪ್ಯಾಕ್‌ನ ನಿಜವಾದ ಸ್ಥಿತಿ ತಿಳಿಯೋಕೆ ಏನು ಅಳತೆ ಮಾಡಬೇಕು? "ಹೈಬ್ರಿಡ್ ಸಿಸ್ಟಂ ದೋಷ" ಅಂತ ಬಂದರೆ ಪ್ಯಾಕ್ ಹೋಯ್ತು ಅಂತಲೇ ಅರ್ಥವಾ?

---

ಸೆಲ್_ಲೆಕ್ಕ

ಕಡ್ಡಿಗಳನ್ನು ನಂಬಬೇಡಿ ಸರ್. ಅವು ಈ ಕ್ಷಣ ಎಷ್ಟು ಚಾರ್ಜ್ ಇದೆ ಅಂತ ಹೇಳ್ತವೆ, ಪಾತ್ರೆ ಎಷ್ಟು ಕುಗ್ಗಿದೆ ಅಂತ ಹೇಳಲ್ಲ. ಎರಡು ಲೀಟರಿನ ಕೊಡವೂ ತುಂಬಿದಾಗ ತುಂಬಿದ ಕೊಡವೇ.

ನೀವು ಹೇಳಿದ ಮೂರರಲ್ಲೂ ಇರೋದು ಮೂರು ಬೇರೆ ಜಾತಿಯ ಬ್ಯಾಟರಿ. ಒಂದಕ್ಕೆ ಮಾಡುವ ಪರೀಕ್ಷೆ ಇನ್ನೊಂದಕ್ಕೆ ಆಗಲ್ಲ.

ಆರ್‌ಎಕ್ಸ್ 450ಎಚ್‌ದು ನಿಕಲ್ ಮೆಟಲ್ ಹೈಡ್ರೈಡ್. 1.2 ವೋಲ್ಟಿನ 240 ಸೆಲ್ ಸಾಲಾಗಿ ಸೇರಿ 288 ವೋಲ್ಟ್. ಎಂಟೆಂಟು ಸೆಲ್ ಸೇರಿ 9.6 ವೋಲ್ಟಿನ ಒಂದು ಮಾಡ್ಯೂಲ್, ಅಂಥವು 30. ಇದು ಹಿಂಬದಿ ಸೀಟಿನ ಕೆಳಗೆ ಕೂತಿದೆ, ಕ್ಯಾಬಿನ್ ಗಾಳಿಯಲ್ಲೇ ತಣ್ಣಗಾಗುತ್ತೆ. ಕಂಪ್ಯೂಟರ್ ಇದನ್ನು ಸರಿಸುಮಾರು 40ರಿಂದ 80 ಶೇಕಡಾ ನಡುವೆಯೇ ಆಡಿಸುತ್ತೆ, ಪೂರ್ತಿ ತುಂಬಿಸೋದೂ ಇಲ್ಲ, ಪೂರ್ತಿ ಬರಿದು ಮಾಡೋದೂ ಇಲ್ಲ. ಅದಕ್ಕೇ ಇಷ್ಟು ವರ್ಷ ಬಾಳಿಕೆ ಬರೋದು.

ಇದರಲ್ಲಿ ನೋಡಬೇಕಾದ್ದು ಸೆಲ್ ಗುಂಪುಗಳ ನಡುವಿನ ವೋಲ್ಟೇಜ್ ವ್ಯತ್ಯಾಸ, ಅದೂ ಲೋಡ್ ಬಿದ್ದಾಗ. ಹೈಬ್ರಿಡ್ ಲೈವ್ ಡೇಟಾ ಓದುವ ಸ್ಕ್ಯಾನರ್ ಹಾಕಿ ಎಲ್ಲ ಬ್ಲಾಕ್‌ಗಳ (ಅಂದ್ರೆ ಆ ಸೆಲ್ ಗುಂಪುಗಳ) ವೋಲ್ಟೇಜನ್ನೂ ಒಂದೇ ಪರದೆಯಲ್ಲಿ ತೆರೆದಿಡಿ. ಗಾಡಿ ನಿಂತಿರುವಾಗ ಎಲ್ಲವೂ ಒಂದೇ ಸಮ ಕಾಣ್ತವೆ, ಅದನ್ನು ನೋಡಿ ಖುಷಿ ಪಡಬೇಡಿ. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಏರಿನಲ್ಲಿ ಜೋರಾಗಿ ಎಕ್ಸಲರೇಟರ್ ಒತ್ತಿ, ಆಮೇಲೆ ಇಳಿಜಾರಿನಲ್ಲಿ ಉದ್ದಕ್ಕೆ ಬ್ರೇಕ್ ಹಿಡಿಯಿರಿ. ಎಳೆಯುವಾಗ ಒಂದು ಬ್ಲಾಕ್ ಮಾತ್ರ ಉಳಿದವಕ್ಕಿಂತ ಒಂದು ವೋಲ್ಟಿನಷ್ಟು ಕೆಳಗೆ ಜಾರಿ, ಚಾರ್ಜ್ ಆಗುವಾಗ ಅದೇ ಬ್ಲಾಕ್ ಎಲ್ಲರಿಗಿಂತ ಮೇಲೆ ಜಿಗಿದರೆ ಅದರೊಳಗೆ ಒಂದು ಸೆಲ್ ಸತ್ತಿದೆ ಅಂತ ತಿಳೀರಿ. ಒಂದು ಸೆಲ್ಲಿನ ವೋಲ್ಟೇಜೇ 1.2 ಅಲ್ವಾ, ಲೆಕ್ಕ ಅಲ್ಲೇ ಕೂಡುತ್ತೆ. ಎರಡನೇ ಸುಳಿವು, ಚಾರ್ಜ್ ಮಟ್ಟ ಎರಡೇ ನಿಮಿಷದಲ್ಲಿ 40ರಿಂದ 75ಕ್ಕೆ ಹಾರಿ ಅಷ್ಟೇ ಬೇಗ ಇಳಿಯೋದು. ಅದು ಕುಗ್ಗಿದ ಪಾತ್ರೆ.

ಇಂಥ ಪ್ಯಾಕ್‌ಗೆ "ಹಾಳಾದ ಒಂದು ಮಾಡ್ಯೂಲ್ ಮಾತ್ರ ಬದಲಿಸಿದ್ದೀವಿ, ಈಗ ಫಸ್ಟ್‌ಕ್ಲಾಸ್" ಅಂತ ಯಾರಾದರೂ ಹೇಳಿದರೆ ಬೆಲೆ ಇಳಿಸೋಕೆ ಅದೊಂದು ಕಾರಣ ಸಾಕು. ಸಾಲಾಗಿ ಜೋಡಿಸಿದ ಮಾಡ್ಯೂಲ್‌ಗಳಲ್ಲಿ ಎಲ್ಲದರ ಮೂಲಕವೂ ಹರಿಯೋದು ಒಂದೇ ಕರೆಂಟ್. ಹೊಸದಕ್ಕೆ ಅದು ಸಲೀಸು, ಮುದಿಯಾದ ಉಳಿದ 29ಕ್ಕೆ ಅಲ್ಲ. ಕೆಲವು ತಿಂಗಳಲ್ಲಿ ಇನ್ನೊಂದು ಕೈ ಕೊಡುತ್ತೆ, ಮತ್ತೆ ಸೀಟು ಬಿಚ್ಚೋದು.

ಟಿ8ದು ಲಿಥಿಯಂ ಅಯಾನ್, ಮಧ್ಯದ ಟನಲ್ ಒಳಗೆ, ಕೂಲೆಂಟಿನಿಂದ ತಣ್ಣಗಾಗುವಂಥದ್ದು. 18.8 ಅನ್ನೋದು ಒಟ್ಟು ಸಾಮರ್ಥ್ಯ. ಬಳಸೋಕೆ ಸಿಗೋದು ಸುಮಾರು 14.7. ಮೇಲೆ ಕೆಳಗೆ ಎರಡೂ ಕಡೆ ಕಂಪನಿ ಮೀಸಲು ಬಿಟ್ಟಿರುತ್ತೆ, ಇದು ಎಲ್ಲರ ಪದ್ಧತಿ. ರೇಂಜ್ ರೋವರ್ ಪ್ಲಗ್‌ಇನ್‌ನಲ್ಲೂ 38.2ರಲ್ಲಿ 31.8 ಮಾತ್ರ ಕೈಗೆ ಸಿಗುತ್ತೆ. ಜಾಹೀರಾತಿನ ಅಂಕಿ ಇಟ್ಟುಕೊಂಡು ಲೆಕ್ಕ ಹಾಕಿದರೆ ಒಳ್ಳೇ ಪ್ಯಾಕನ್ನೂ ಕೆಟ್ಟದ್ದು ಅಂದುಬಿಡ್ತೀರಿ.

ಇದರ ಪರೀಕ್ಷೆ ಗೋಡೆಯ ಪ್ಲಗ್ಗಿನಲ್ಲೇ ಆಗುತ್ತೆ. ಎಲೆಕ್ಟ್ರಿಕ್ ಮೋಡಿನಲ್ಲಿ ಓಡಿಸಿ, ರೇಂಜ್ ಸೊನ್ನೆಗೆ ಬಂದು ಎಂಜಿನ್ ತಾನಾಗಿ ಶುರುವಾಗುವವರೆಗೆ. ಒಂದು ಗಂಟೆ ತಣಿಯಲು ಬಿಡಿ. ಆಮೇಲೆ ಪ್ಲಗ್ ಮತ್ತು ಸಾಕೆಟ್ ನಡುವೆ ಎನರ್ಜಿ ಮೀಟರ್ ಹಾಕಿ ಪೂರ್ತಿ ಚಾರ್ಜ್ ಮಾಡಿ. ಎಸಿ, ಸೀಟ್ ಹೀಟರ್, ಪ್ರಿ-ಕಂಡೀಷನಿಂಗ್ ಎಲ್ಲ ಆಫ್ ಇರಲಿ. 10 ಆಂಪಿಯರ್ ಸಾಕೆಟ್ಟಿನಲ್ಲಿ 230 ವೋಲ್ಟ್ ಅಂದರೆ 2.3 ಕಿಲೋವ್ಯಾಟ್, ಏಳೂವರೆ ಗಂಟೆ ಹತ್ತಿರ ಹಿಡಿಯುತ್ತೆ, ತಾಳ್ಮೆ ಇರಲಿ. ಚಾರ್ಜರ್ ಮತ್ತು ಪಂಪುಗಳಲ್ಲಿ ಶೇಕಡಾ 10ರಿಂದ 15 ಸೋರಿಹೋಗುತ್ತೆ, ಹಾಗಾಗಿ ಹೊಸ ಪ್ಯಾಕ್ ಆದರೆ ಮೀಟರಿನಲ್ಲಿ 16.5ರಿಂದ 17 ಯೂನಿಟ್ (ಕಿಲೋವ್ಯಾಟ್ ಅವರ್) ಕಾಣಬೇಕು. 13.5 ಮಾತ್ರ ಕಂಡರೆ 13.5 × 0.88 = 11.9, ಅದನ್ನು 14.7ರಿಂದ ಭಾಗಿಸಿದರೆ ಶೇಕಡಾ 81. ಹತ್ತಿರ ಹತ್ತಿರ ಐದನೇ ಒಂದು ಭಾಗ ಹೋಗಿದೆ ಅಂತ ಅರ್ಥ.

ಜಿಎಲ್‌ಇ ವಿಚಾರ ಕೆಳಗೆ ಯಾರಾದರೂ ಬರೀತಾರೆ. ಅದರ ಬ್ಯಾಟರಿ ಒಂದು ಯೂನಿಟ್ ಆಸುಪಾಸು, ಅದಕ್ಕೆ ಈ ಕಸರತ್ತೆಲ್ಲ ಬೇಡ.

---

ಹನ್ನೆರಡು_ವೋಲ್ಟ್

ಮೂರನೇ ಪ್ರಶ್ನೆಗೆ: ಇಲ್ಲ. "ಹೈಬ್ರಿಡ್ ಸಿಸ್ಟಂ ದೋಷ" ಅಂತ ಬಂದ ತಕ್ಷಣ ಮೊದಲು ಅಳೆಯಬೇಕಾದ್ದು ಸಣ್ಣ 12 ವೋಲ್ಟ್ ಬ್ಯಾಟರಿ.

ಯಾಕೆ ಅಂದ್ರೆ, ದೊಡ್ಡ ಪ್ಯಾಕ್ ಗಾಡಿ ನಿಂತಾಗ ಹೊರಜಗತ್ತಿನಿಂದ ಪೂರ್ತಿ ಕಡಿದುಕೊಂಡಿರುತ್ತೆ. ಅದನ್ನು ಜೋಡಿಸೋದು ಕಾಂಟ್ಯಾಕ್ಟರ್ ಅನ್ನೋ ದಪ್ಪ ರಿಲೇಗಳು. ಪವರ್ ಬಟನ್ ಒತ್ತಿ ಕಿವಿಗೊಟ್ಟು ಕೇಳಿ, ಹಿಂದಿನಿಂದ ಟಕ್, ಟಕ್ ಅಂತ ಶಬ್ದ ಬರುತ್ತೆ. ಮೊದಲು ಒಂದು ರೆಸಿಸ್ಟರ್ ಮೂಲಕ, ಮೋಟರಿಗೆ ಕರೆಂಟ್ ಒದಗಿಸುವ ಇನ್ವರ್ಟರಿನ ಕೆಪಾಸಿಟರ್‌ಗಳು ಮೆಲ್ಲಗೆ ತುಂಬಬೇಕು, ಆಮೇಲೆ ಮುಖ್ಯ ಕಾಂಟ್ಯಾಕ್ಟರ್ ಕೂಡಬೇಕು. ಇಲ್ಲಾಂದ್ರೆ ಒಂದೇ ಏಟಿಗೆ ನುಗ್ಗುವ ಕರೆಂಟಿಗೆ ಕಾಂಟ್ಯಾಕ್ಟುಗಳು ಬೆಸೆದುಕೊಂಡುಬಿಡ್ತವೆ. ಆ ರಿಲೇಗಳ ಕಾಯಿಲ್, ಬ್ಯಾಟರಿ ಕಂಪ್ಯೂಟರ್, ಕೂಲೆಂಟ್ ಪಂಪು, ಎಲ್ಲ ನಡೆಯೋದು 12 ವೋಲ್ಟಿನಲ್ಲಿ. ಅದು ಕುಸಿದರೆ ಒಂದು ಕಂಪ್ಯೂಟರ್ ಇನ್ನೊಂದಕ್ಕೆ ಉತ್ತರ ಕೊಡಲ್ಲ, ಡ್ಯಾಶ್‌ಬೋರ್ಡಿನಲ್ಲಿ ದೀಪಾವಳಿ.

ಸಾಮಾನ್ಯ ಪೆಟ್ರೋಲ್ ಗಾಡಿಯಲ್ಲಾದರೆ ಬ್ಯಾಟರಿ ಸೋತಿದ್ದು ಸ್ಟಾರ್ಟರ್ ಮುಲುಗೋದರಲ್ಲೇ ಗೊತ್ತಾಗುತ್ತೆ. ಆರ್‌ಎಕ್ಸ್‌ನಂಥ ಹೈಬ್ರಿಡ್‌ನಲ್ಲಿ ಎಂಜಿನ್ ತಿರುಗಿಸೋದು ದೊಡ್ಡ ಪ್ಯಾಕಿನಿಂದ ಓಡುವ ಮೋಟರ್. ಆದ್ದರಿಂದ 12 ವೋಲ್ಟಿನದು ಕೊನೆ ಉಸಿರಿನವರೆಗೂ ಸುಮ್ಮನಿದ್ದು, ಒಂದು ಬೆಳಿಗ್ಗೆ ಹಠಾತ್ತನೆ ಕೈ ಎತ್ತುತ್ತೆ.

ನೋಡೋದು ಹೀಗೆ. ಹಿಂದಿನ ಸಂಜೆಯೇ ಬಾನೆಟ್ ತೆಗೆದಿಟ್ಟು, ರಾತ್ರಿಯಿಡೀ ನಿಂತ ಗಾಡಿಯಲ್ಲಿ ಯಾವ ಬಾಗಿಲೂ ತೆರೆಯದೆ ಬಾನೆಟ್ ಕೆಳಗಿನ ಜಂಪ್ ಟರ್ಮಿನಲ್ಲಿನಲ್ಲಿ ಅಳೀರಿ. ಎಜಿಎಂ (ಆಸಿಡ್ಡನ್ನು ಗಾಜಿನ ನಾರಿನ ಹಾಸು ಹೀರಿಕೊಂಡಿರುವ) ಬ್ಯಾಟರಿ ಆದರೆ 12.7ಕ್ಕಿಂತ ಮೇಲೆ ಇದ್ದರೆ ಚೆನ್ನ. 12.4ಕ್ಕೆ ಬಂದಿದ್ರೆ ಚಾರ್ಜ್ ಮಾಡಿ ಲೋಡ್ ಟೆಸ್ಟ್ ಮಾಡಿಸಿ. 12.0 ಇದ್ದರೆ ಅದರ ಆಯಸ್ಸು ಮುಗೀತಾ ಬಂತು. ಆಮೇಲೆ ಬ್ರೇಕ್ ಒತ್ತಿ ಪವರ್ ಬಟನ್ ಒತ್ತಿ, "ರೆಡಿ" ದೀಪ ಹತ್ತಿದ ಮೇಲೆ ಮತ್ತೆ ಅಳೀರಿ. 13.5ರಿಂದ 14.7 ಒಳಗೆ ಬರಬೇಕು. ಬರದಿದ್ದರೆ ತಪ್ಪು ಬ್ಯಾಟರಿಯದಲ್ಲ, ದೊಡ್ಡ ಪ್ಯಾಕಿನ ವೋಲ್ಟೇಜ್ ಇಳಿಸಿ 12 ವೋಲ್ಟ್ ಕಡೆಗೆ ಕೊಡುವ ಡಿಸಿ-ಡಿಸಿ ಕನ್ವರ್ಟರಿನದು. ಈ ಗಾಡಿಗಳಲ್ಲಿ ಆಲ್ಟರ್ನೇಟರ್ ಜಾಗದಲ್ಲಿ ಇರೋದು ಅದೇ.

ನಿಂತ ಗಾಡಿ ಎಳೆಯುವ ಕರೆಂಟೂ ನೋಡಿ. ಬೀಗ ಹಾಕಿ, ಕೀಯನ್ನು ದೂರ ಇಟ್ಟು, 40 ನಿಮಿಷ ಬಿಟ್ಟು ಮಿಲಿಆಂಪಿಯರ್ ತೋರಿಸುವ ಕ್ಲ್ಯಾಂಪ್ ಮೀಟರ್ ಹಾಕಿ. 50ಕ್ಕಿಂತ ಕೆಳಗೆ ಇಳಿಯಬೇಕು. 50 ಮಿಲಿಆಂಪಿಯರ್ ಅಂದ್ರೂ ದಿನಕ್ಕೆ 1.2 ಆಂಪಿಯರ್ ಅವರ್, 60ರ ಬ್ಯಾಟರಿ 25 ದಿನದಲ್ಲಿ ಅರ್ಧ ಖಾಲಿ. ಫೋನ್ ಆಪಿನಿಂದ ದಿನಕ್ಕೆ ಹತ್ತು ಸಲ "ಎಷ್ಟು ಚಾರ್ಜ್ ಇದೆ" ಅಂತ ಇಣುಕೋರು ಪ್ರತಿ ಸಲವೂ ಗಾಡಿಯನ್ನು ನಿದ್ದೆಯಿಂದ ಎಬ್ಬಿಸ್ತಾ ಇರ್ತಾರೆ ಅನ್ನೋದು ನೆನಪಿರಲಿ.

ಬದಲಿಸುವಾಗ ಎಜಿಎಂ ಇದ್ದ ಕಡೆ ಎಜಿಎಂ ಅನ್ನೇ ಹಾಕಿ. ಬ್ಯಾಟರಿ ಡಿಕ್ಕಿಯಲ್ಲೋ ಕ್ಯಾಬಿನ್ನಿನಲ್ಲೋ ಇದ್ದರೆ ಅದರ ಗಾಳಿಕೊಳವೆಯನ್ನು ಮರೆಯದೆ ಸಿಕ್ಕಿಸಿ. ಬಿಎಂಡಬ್ಲ್ಯೂನಂಥ ಗಾಡಿಗಳಲ್ಲಿ ಹೊಸ ಬ್ಯಾಟರಿಯನ್ನು ಸ್ಕ್ಯಾನರಿನಿಂದ ರಿಜಿಸ್ಟರ್ ಮಾಡಬೇಕು, ಇಲ್ಲಾಂದ್ರೆ ಹಳೆ ಬ್ಯಾಟರಿ ಅಂದುಕೊಂಡೇ ಚಾರ್ಜ್ ಮಾಡ್ತಾ ಹೋಗುತ್ತೆ. ಮತ್ತೊಂದು: ಹೈಬ್ರಿಡ್‌ಗೆ ಬೇರೆ ಗಾಡಿಯಿಂದ ಜಂಪ್ ಕೊಡಬಹುದು. ಹೈಬ್ರಿಡ್‌ನಿಂದ ಬೇರೆ ಗಾಡಿಗೆ ಜಂಪ್ ಕೊಡೋಕೆ ಹೋಗಬೇಡಿ, ಆ ಪುಟ್ಟ ಬ್ಯಾಟರಿ, ಕನ್ವರ್ಟರ್ ಎರಡೂ ಅದಕ್ಕೆ ಹುಟ್ಟಿದ್ದಲ್ಲ.

ಜಿಎಲ್‌ಇ 450: ಆ ಇನ್‌ಲೈನ್ ಸಿಕ್ಸ್ ಎಂಜಿನ್ನಿಗೆ ಬೆಲ್ಟೇ ಇಲ್ಲ. ಎಂಜಿನ್ ಎಬ್ಬಿಸೋದು, ಕರೆಂಟ್ ತಯಾರಿಸೋದು ಎರಡೂ ಎಂಜಿನ್ ಗೇರ್‌ಬಾಕ್ಸ್ ನಡುವೆ ಕೂತ ಸ್ಟಾರ್ಟರ್-ಜನರೇಟರ್ ಕೆಲಸ. ಎಸಿ ಕಂಪ್ರೆಸರ್, ವಾಟರ್ ಪಂಪ್ ಕೂಡ 48 ವೋಲ್ಟಿನವು. ಹಾಗಾಗಿ 48ರ ಬ್ಯಾಟರಿ ಕೈ ಕೊಟ್ಟರೆ "ಮೈಲೇಜ್ ಸ್ವಲ್ಪ ಕಮ್ಮಿ" ಅಂತಲ್ಲ, ಗಾಡಿ ನಿಂತಲ್ಲೇ ನಿಲ್ಲುತ್ತೆ. ಪರೀಕ್ಷೆ ಸುಲಭ: ಸ್ಕ್ಯಾನರಿನಲ್ಲಿ 48 ವೋಲ್ಟ್ ಕಡೆಯ ಹಳೇ ಕೋಡ್‌ಗಳನ್ನು ನೋಡಿ, ಬಿಸಿ ಎಂಜಿನ್ನಿನಲ್ಲಿ ಸ್ಟಾರ್ಟ್-ಸ್ಟಾಪ್ ಐದಾರು ಸಲ ಸಲೀಸಾಗಿ ಕೆಲಸ ಮಾಡುತ್ತಾ ನೋಡಿ. ಅದು ಮುಷ್ಕರ ಹೂಡಿದರೆ ಕಾರಣ ಹುಡುಕಿಸದೆ ದುಡ್ಡು ಕೊಡಬೇಡಿ.

---

ಕಿತ್ತಳೆ_ಕೇಬಲ್

ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ಇಬ್ಬರೂ ಬಿಟ್ಟ ವಿಷಯ ಎರಡು, ತಂಪು ಮತ್ತು ಇನ್ಸುಲೇಷನ್. ಸೆಲ್ ಸವೆದು ಸಾಯುವ ಪ್ಯಾಕ್‌ಗಿಂತ ಈ ಎರಡರಿಂದ "ಸತ್ತಿದೆ" ಅನ್ನಿಸಿಕೊಳ್ಳುವ ಪ್ಯಾಕ್ ಜಾಸ್ತಿ ಅನ್ನೋದು ನನ್ನ ಅಂದಾಜು.

ಆರ್‌ಎಕ್ಸ್ ನೋಡೋಕೆ ಹೋದಾಗ ಹಿಂಬದಿ ಸೀಟಿನ ಕೆಳಗಿನ ಗಾಳಿ ಜಾಲರಿಗೆ ಟಾರ್ಚ್ ಹಾಕಿ. ನಾಯಿ ಕೂದಲು, ಕಾರ್ಪೆಟ್ ನೂಲು, ಬಿಸ್ಕತ್ ಪುಡಿ ಸೇರಿ ಕಂಬಳಿಯ ತುಂಡಿನ ಹಾಗೆ ಕೂತಿದ್ದರೆ ಆ ಪ್ಯಾಕ್ ವರ್ಷಗಟ್ಟಲೆ ಉಸಿರುಗಟ್ಟಿ ಬೆಂದಿದೆ. ನಡುವಿನ ಸೆಲ್‌ಗಳು ಮೊದಲು ಹೋಗೋದು ಇದಕ್ಕೇ, ಶಾಖ ಹೊರಗೆ ಹೋಗೋಕೆ ಅವಕ್ಕೆ ದಾರಿ ಇಲ್ಲ. ಸ್ಕ್ಯಾನರಿನಲ್ಲಿ ಬ್ಯಾಟರಿಯ ತಾಪ ಸೆನ್ಸರ್‌ಗಳನ್ನು ನೋಡಿ. ಒಂದಕ್ಕೂ ಇನ್ನೊಂದಕ್ಕೂ ನಾಲ್ಕೈದು ಡಿಗ್ರಿ ವ್ಯತ್ಯಾಸ ಸಹಜ, ಹತ್ತು ದಾಟಿದರೆ ಗಾಳಿ ಎಲ್ಲೋ ಕಟ್ಟಿಕೊಂಡಿದೆ. ಸ್ಕ್ಯಾನರ್ ತೋರಿಸುವ ದೋಷಸಂಖ್ಯೆಗಳಲ್ಲಿ ಪಿ0ಎ82 ಕೋಡ್ ಇದ್ದರೆ ಫ್ಯಾನೇ ದೋಷಿ. ಪಿ0ಎ80 ಅಂದರೆ "ಪ್ಯಾಕ್ ಬದಲಿಸಿ". ಆದರೂ ಫ್ಯಾನ್ ಬಿಚ್ಚಿ ತೊಳೆಯದೆ, ಬ್ಲಾಕ್‌ಗಳನ್ನು ಜೋಡಿಸುವ ತಾಮ್ರದ ಪಟ್ಟಿಗಳ ಮೇಲೆ ಹಸಿರು ಕಿಲುಬು ಇದೆಯಾ ನೋಡದೆ ಅದನ್ನು ತೀರ್ಪು ಅಂತ ತಗೋಬಾರದು. ಕಿಲುಬಿನಿಂದ ಅಳತೆ ತಂತಿಯಲ್ಲಿ ತಡೆ ಹೆಚ್ಚಾದರೂ ಆ ಬ್ಲಾಕ್ ಸೋತಂತೆ ಕಾಣುತ್ತೆ.

ಪ್ಲಗ್‌ಇನ್‌ಗಳಲ್ಲಿ ಕೂಲೆಂಟ್ ಡಬ್ಬಿಯ ಮಟ್ಟ ನೋಡಿ. ಎಂಜಿನ್ನಿಗೆ ಒಂದು, ಬ್ಯಾಟರಿ ಕಡೆಗೆ ಬೇರೊಂದು ಇರುತ್ತೆ. ಮುಚ್ಚಿದ ಸುತ್ತಿನಲ್ಲಿ ಮಟ್ಟ ಇಳಿದಿದೆ ಅಂದ್ರೆ ಎಲ್ಲಿಗೋ ಹೋಗಿದೆ. ನಲ್ಲಿ ನೀರು ಸುರಿದು ತುಂಬಿಸಿದ್ದರಂತೂ ಮುಗೀತು, ಅದರ ಲವಣ ಅಲ್ಯುಮಿನಿಯಂ ತಟ್ಟೆಯನ್ನು ಒಳಗಿಂದ ತಿನ್ನುತ್ತೆ. ರಿಪೇರಿ ಆದ ಮೇಲೆ ಗಾಳಿ ತೆಗೆಯೋದು ಸ್ಕ್ಯಾನರಿನಿಂದ ಪಂಪ್ ಓಡಿಸಿ ಅಥವಾ ವ್ಯಾಕ್ಯೂಮ್ ಹಾಕಿ. ಮುಚ್ಚಳ ತೆರೆದಿಟ್ಟು ಎಂಜಿನ್ ಓಡಿಸಿದರೆ ಬ್ಯಾಟರಿ ಕಡೆಯ ಗಾಳಿ ಹೋಗಲ್ಲ.

ಇನ್ನು ಮುಖ್ಯವಾದ್ದು. ಬಹುತೇಕ ಪ್ಲಗ್‌ಇನ್‌ಗಳ ಬ್ಯಾಟರಿಗೆ ತಂಪು ಬರೋದು ಕ್ಯಾಬಿನ್ ಎಸಿಯ ಗ್ಯಾಸಿನಿಂದಲೇ, ಚಿಲ್ಲರ್ ಅನ್ನೋ ಭಾಗದ ಮೂಲಕ. ಎಸಿ ತಂಪು ಕೊಡದ ಹೈಬ್ರಿಡ್ ಅಂದ್ರೆ ಬ್ಯಾಟರಿಗೂ ತಂಪಿಲ್ಲದ ಹೈಬ್ರಿಡ್. "ಗ್ಯಾಸ್ ಒಂಚೂರು ಕಮ್ಮಿ ಇದೆ ಅಷ್ಟೇ" ಅನ್ನುವ ಮಾತನ್ನು ಹಗುರವಾಗಿ ತಗೋಬೇಡಿ.

ಅದೇ ಎಸಿಯಲ್ಲಿ ಇನ್ನೊಂದು ಬಲೆ ಇದೆ. ಈ ಕಂಪ್ರೆಸರ್ ಒಳಗೆ ನೂರಾರು ವೋಲ್ಟಿನ ಮೋಟರ್ ಎಣ್ಣೆಯಲ್ಲೇ ಮುಳುಗಿರುತ್ತೆ. ಅದಕ್ಕೆ ಬೇಕಾದ್ದು ಕರೆಂಟ್ ಹರಿಯಲು ಬಿಡದ ಪಿಒಇ ಎಣ್ಣೆ. ಬೆಲ್ಟ್ ಕಂಪ್ರೆಸರ್‌ಗೆ ಹಾಕುವ ಪಿಎಜಿ ಎಣ್ಣೆ ಗ್ಯಾಸ್ ತುಂಬುವ ಮೆಷಿನ್ನಿನ ಪೈಪಿನಲ್ಲಿ ಉಳಿದದ್ದೇ ಒಂದಿಷ್ಟು ಸೇರಿದರೂ ಇನ್ಸುಲೇಷನ್ ಕುಸಿಯುತ್ತೆ, ಪಿ0ಎಎ6 ಕೋಡ್ ಬರುತ್ತೆ. ಎಸಿ ಸರ್ವಿಸ್ ಆಗಿ ಕೆಲ ದಿನಕ್ಕೆ ಈ ಕೋಡ್ ಬಂದಿದ್ದರೆ ಪ್ಯಾಕ್ ಬಿಚ್ಚಿಸಬೇಡಿ, ಮೊದಲು ಕಂಪ್ರೆಸರ್ ಕನೆಕ್ಟರ್ ತೆಗೆಸಿ ಅಳೆಸಿ. ಟೊಯೊಟಾ, ಲೆಕ್ಸಸ್‌ನಲ್ಲಿ ಈ ಕೋಡಿನ ಜೊತೆ ಬರುವ ಉಪಸಂಖ್ಯೆಯೇ ಜಾಗ ತೋರಿಸುತ್ತೆ: 611 ಎಸಿ ಕಡೆ, 612 ಬ್ಯಾಟರಿ ಕಡೆ, 613 ಟ್ರಾನ್ಸ್‌ಆಕ್ಸಲ್ (ಮೋಟರ್, ಗೇರ್ ಸೇರಿದ ಭಾಗ) ಕಡೆ, 614 ಹೈವೋಲ್ಟೇಜ್ ಡಿಸಿ ಕಡೆ. 526 ಒಂದೇ ಇದ್ದರೆ ಜಾಗ ಇನ್ನೂ ಪತ್ತೆಯಾಗಿಲ್ಲ ಅಂತ.

ಹೈವೋಲ್ಟೇಜ್ ಕಡೆಗೂ ಗಾಡಿಯ ಬಾಡಿಗೂ ನಡುವೆ ಇನ್ಸುಲೇಷನ್ ಎಷ್ಟು ಓಮ್ ಇರಬೇಕು? ವೋಲ್ಟಿಗೆ 500 ಓಮ್ ಅನ್ನೋ ಬಿಗಿ ಲೆಕ್ಕ ಹಿಡಿದರೆ, 3.7 ವೋಲ್ಟಿನ 96 ಸೆಲ್ ಇರುವ 355 ವೋಲ್ಟ್ ಪ್ಯಾಕಿಗೆ ಸುಮಾರು 178 ಕಿಲೋಓಮ್. ಆರೋಗ್ಯವಾಗಿರುವ ಗಾಡಿಯಲ್ಲಿ ಇದು ಮೆಗಾಓಮ್‌ಗಳಲ್ಲಿ ಇರುತ್ತೆ. ಮಾಮೂಲಿ ಮಲ್ಟಿಮೀಟರ್ ಓಮ್ ಅಳೆಯೋದು ಕೆಲವೇ ವೋಲ್ಟಿನಲ್ಲಿ, ಈ ಸೋರಿಕೆ ಅದಕ್ಕೆ ಕಾಣಲ್ಲ. 500 ವೋಲ್ಟ್ ಹಾಕುವ ಇನ್ಸುಲೇಷನ್ ಟೆಸ್ಟರ್ ಬೇಕು.

ಇದನ್ನು ಓದಿ ಯಾರೂ ಕಿತ್ತಳೆ ತಂತಿಗೆ, ಅಂದ್ರೆ ಹೈವೋಲ್ಟೇಜ್ ತಂತಿಗೆ, ಕೈ ಹಾಕಬೇಡಿ. 60 ವೋಲ್ಟ್ ಡಿಸಿ ದಾಟಿದ ಎಲ್ಲವೂ ಅಪಾಯದ ವರ್ಗ. ತರಬೇತಿ ಇದ್ದವರೂ ಗಾಡಿ ಆಫ್ ಮಾಡಿ, 12 ವೋಲ್ಟ್ ಕಳಚಿ, ಹೈವೋಲ್ಟೇಜ್ ಸುತ್ತನ್ನು ಕಡಿಯುವ ಸರ್ವಿಸ್ ಪ್ಲಗ್ ಕಿತ್ತು ಜೇಬಿಗೆ ಹಾಕಿಕೊಂಡು, ಕೆಪಾಸಿಟರ್ ಇಳಿಯಲು ಕಾದು, ಆಮೇಲೂ ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೇ ಮುಟ್ಟೋದು. 1000 ವೋಲ್ಟಿನ ಕ್ಲಾಸ್ 0 ರಬ್ಬರ್ ಗ್ಲೌಸಿಗೆ ಗಾಳಿ ತುಂಬಿ ಸೂಜಿತೂತು ಇದೆಯಾ ಅಂತ ಪ್ರತಿ ಸಲವೂ ನೋಡಬೇಕು. ಕೆಪಾಸಿಟರ್ ಇಳಿಯಲು ಐದು ನಿಮಿಷ ಕಾದರೆ ಸಾಕು.

---

ಸೆಲ್_ಲೆಕ್ಕ

@ಕಿತ್ತಳೆ_ಕೇಬಲ್, ಒಂದೇ ತಿದ್ದುಪಡಿ. ಟೊಯೊಟಾ, ಲೆಕ್ಸಸ್‌ಗೆ ಹತ್ತು ನಿಮಿಷ ಅಂತಲೇ ಬರೆಯೋಣ. ಅವರ ಪುಸ್ತಕದಲ್ಲಿರೋದು ಅಷ್ಟು.

---

ಕಿತ್ತಳೆ_ಕೇಬಲ್

ಸರಿ, ಹತ್ತೇ. ಒಪ್ಪಿದೆ.

---

ನಿಧಾನ_ಸವಾರ

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಬಹುಶಃ ಟಿ8 ಕಡೆಗೇ ವಾಲ್ತೀನಿ. ಇನ್ನೆರಡು ಪ್ರಶ್ನೆ. ದಿನಾ 100ಕ್ಕೆ ಚಾರ್ಜ್ ಮಾಡಬಹುದಾ, ಇಲ್ಲ 80ಕ್ಕೆ ನಿಲ್ಲಿಸಬೇಕಾ? ಮತ್ತೆ ಒಂದು ತಿಂಗಳು ಗಾಡಿ ನಿಂತರೆ ಏನು ಮಾಡಿಡಬೇಕು?

---

ಸೆಲ್_ಲೆಕ್ಕ

80ರ ಮಾತು ಬಂದಿದ್ದು ಪೂರ್ತಿ ಎಲೆಕ್ಟ್ರಿಕ್ ಗಾಡಿಗಳಿಂದ. ಪ್ಲಗ್‌ಇನ್‌ನಲ್ಲಿ ಮೇಲ್ಗಡೆ ಮೀಸಲು ಮೊದಲೇ ಇರೋದರಿಂದ ಡ್ಯಾಶ್‌ಬೋರ್ಡಿನ 100 ನಿಜವಾದ 100 ಅಲ್ಲ. ದಿನಾ ತುಂಬಿಸಿ, ಆದರೆ ತುಂಬಿಸಿ ಬಿಸಿಲಲ್ಲಿ ಬಿಡಬೇಡಿ. ಸೆಲ್ಲನ್ನು ಮುದಿ ಮಾಡೋದು ಹೆಚ್ಚು ಚಾರ್ಜ್ ಮತ್ತು ಹೆಚ್ಚು ಬಿಸಿ ಎರಡೂ ಕೂಡಿದಾಗ. ಟೈಮರ್ ಹಾಕಿ ಹೊರಡುವ ಹೊತ್ತಿಗೆ ಚಾರ್ಜ್ ಮುಗಿಯುವಂತೆ ಮಾಡಿದರೆ ಅದೇ ದೊಡ್ಡ ಉಪಕಾರ. ಎಂಜಿನ್ನಿನಿಂದ ಪ್ಯಾಕ್ ತುಂಬಿಸುವ "ಚಾರ್ಜ್" ಮೋಡನ್ನು ಮರೆತುಬಿಡಿ, ಪೆಟ್ರೋಲ್ ದಂಡ.

ಸೊನ್ನೆ ಡಿಗ್ರಿ ಹತ್ತಿರದ ಚಳಿಯಲ್ಲಿ ಬ್ರೇಕ್‌ನಿಂದ ಚಾರ್ಜ್ ಕಮ್ಮಿಯಾಗಿ, ಎಂಜಿನ್ ಬೇಗ ಎದ್ದರೆ ಗಾಬರಿ ಬೇಡ. ತಣ್ಣಗಿನ ಸೆಲ್ಲಿಗೆ ಜೋರಾಗಿ ಚಾರ್ಜ್ ನೂಕಿದರೆ ಲಿಥಿಯಂ ಲೋಹವಾಗಿ ಮೇಲ್ಮೈಗೆ ಅಂಟಿಕೊಳ್ಳುತ್ತೆ, ಅದನ್ನು ತಪ್ಪಿಸೋಕೆ ಕಂಪ್ಯೂಟರೇ ಚಾರ್ಜನ್ನು ತಡೆಹಿಡಿಯೋದು.

---

ಹನ್ನೆರಡು_ವೋಲ್ಟ್

ತಿಂಗಳು ನಿಲ್ಲಿಸೋದಾದರೆ ದೊಡ್ಡ ಪ್ಯಾಕ್ ಅರ್ಧದಷ್ಟು ಇರಲಿ, ಪ್ಲಗ್ ಕಿತ್ತಿಡಿ. 12 ವೋಲ್ಟಿಗೆ ಎಜಿಎಂ ಮೋಡ್ ಇರುವ ಮೇಂಟೇನರ್ ಚಾರ್ಜರ್ ಹಾಕಿ. ಅದಿಲ್ಲಾಂದ್ರೆ ಎರಡು ವಾರಕ್ಕೊಮ್ಮೆ ಒಂದು ಗಂಟೆ ರೆಡಿಯಲ್ಲಿಡಿ, ಆದರೆ ಬಯಲಲ್ಲಿ. ಮುಚ್ಚಿದ ಗ್ಯಾರೇಜಿನಲ್ಲಿ ಸದ್ದಿಲ್ಲದೆ ನಿಂತಿದೆ ಅಂತ ನೀವು ಒಳಗೆ ಹೋದ ಮೇಲೆ ಎಂಜಿನ್ ತಾನಾಗಿ ಎದ್ದು ಹೊಗೆ ತುಂಬಿಸುತ್ತೆ, ಆ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ.

ಕೀ ಒಳಗಿರುವ ಲೋಹದ ಕೀಯನ್ನು ಈಗಲೇ ಒಮ್ಮೆ ಹೊರಗೆಳೆದು ಡ್ರೈವರ್ ಬಾಗಿಲು ತೆರೆದು ನೋಡಿ. ಬ್ಯಾಟರಿ ಡಿಕ್ಕಿಯಲ್ಲಿ, ಡಿಕ್ಕಿಯ ಬೀಗ ಕರೆಂಟಿನಲ್ಲಿ. 12 ವೋಲ್ಟ್ ಸತ್ತ ದಿನ ಒಳಗೆ ಹೋಗೋಕೆ ಅದೊಂದೇ ದಾರಿ. ಬಾನೆಟ್ ಎಳೆಗೋಲು ಅಲ್ಲೇ ಒಳಗಿದೆ, ಜಂಪ್ ಟರ್ಮಿನಲ್ ಬಾನೆಟ್ ಕೆಳಗೆ.

---

ಕಿತ್ತಳೆ_ಕೇಬಲ್

ಟಿ8ಗೆ ಹಿಂದಿನ ಚಕ್ರಗಳನ್ನು ತಿರುಗಿಸೋದು ಬೇರೆ ಮೋಟರ್. ಕೆಟ್ಟು ನಿಂತರೆ ಎರಡು ಚಕ್ರ ಎತ್ತಿ ಎಳೆಯೋಕೆ ಬಿಡಬೇಡಿ, ನೆಲದ ಮೇಲೆ ತಿರುಗುವ ಚಕ್ರದ ಕಡೆಯ ಮೋಟರ್ ಜನರೇಟರ್ ಆಗಿಬಿಡುತ್ತೆ. ನಾಲ್ಕೂ ಚಕ್ರ ಮೇಲೆ ಇರುವ ಫ್ಲಾಟ್‌ಬೆಡ್ಡೇ ಬೇಕು. ನೋಡಲು ಹೋದ ದಿನ ಗಾಡಿಯನ್ನು ಲಿಫ್ಟಿಗೆ ಹಾಕಿಸಿ, ಹಿಂದಕ್ಕೆ ಹೋಗುವ ಕಿತ್ತಳೆ ಕೇಬಲ್ಲಿನ ಹೊದಿಕೆ, ಕನೆಕ್ಟರ್ ಸುತ್ತ ಬಿಳಿ ಪುಡಿ, ಬ್ಯಾಟರಿ ಕವಚದ ಅಡಿಗೆ ಕಲ್ಲು ಬಡಿದ ತಗ್ಗು ಇದೆಯಾ ನೋಡಿ. ಕಾರ್ಪೆಟ್ ಕೆಳಗೆ ಕೈ ಹಾಕಿ ಕೆಸರಿನ ಗೆರೆ ಸಿಕ್ಕರೆ ಉಳಿದ ಯಾವ ಪರೀಕ್ಷೆಯೂ ಬೇಡ, ಬಿಟ್ಟು ಬನ್ನಿ. ನೀರು ನುಗ್ಗಿದ ಪ್ಯಾಕ್ ಅವತ್ತು ಸರಿಯಾಗೇ ಓಡಿ, ಒಳಗಿನ ಕಿಲುಬು ಬೆಳೆದ ಮೇಲೆ ತಿಂಗಳು ಬಿಟ್ಟು ತನ್ನ ಬಣ್ಣ ತೋರಿಸುತ್ತೆ.